ಒಂದು ದೀಪಕ್ಕೆ ಬೇರೆ ಅಂಗಿ

ರಾಮನಾಥಪುರದಲ್ಲಿ ಬಸ್ಸಿಳಿದರೆ ಊರು ಮೊದಲು ಮೂಗಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ಹದವಾಗಿ ಬೆಂದ ಹೊಗೆಸೊಪ್ಪಿನ ವಾಸನೆ. ಬೆಲ್ಲದ ಪಾಕ ಚೂರು ಸೀದು, ಪಕ್ಕದಲ್ಲೇ ಯಾರೋ ಒಣಹುಲ್ಲು ಕೊಡವಿದರೆ ಹೇಗಿರುತ್ತದೋ ಹಾಗೆ. ಕಳೆದ ತಿಂಗಳು, ಮೂರು ವರ್ಷದ ಮೇಲೆ, ಮತ್ತೆ ಅಲ್ಲಿ ಇಳಿದೆ. ಕೆಲಸ ಸಣ್ಣದು. ಸೊಪ್ಪು ಕೊಳ್ಳುವ ಒಂದು ಕಂಪನಿಯ ಗೋಡೌನಿಗೆ ನಾನೇ ಮಾಡಿಕೊಟ್ಟಿದ್ದ ವೆಬ್ ಪುಟವನ್ನು ನಾನೇ ಮುಚ್ಚಿ ಬರಬೇಕಿತ್ತು. ಅವರು ಹೊಸ ಸಾಫ್ಟ್‌ವೇರ್ ತರಿಸಿಕೊಂಡಿದ್ದರು. “ನೀನೇ ಹೆತ್ತಿದ್ದು, ನೀನೇ ಹೋಗಿ ಮಣ್ಣು ಮಾಡಿ ಬಾ” ಎಂದು ಹಾಸನದಲ್ಲಿ ನಮ್ಮ ಬಾಸು ಹೇಳಿ ಕಳಿಸಿದರು. ಇಂಥ ಮಾತುಗಳನ್ನು ಅವರು ಮೂಗಿನಲ್ಲಿ ಹೇಳುತ್ತಾರೆ. ನಾನು ಅವರಿಗಿಂತ ಚೆನ್ನಾಗಿ ಹೇಳುತ್ತೇನೆ.

ಅಣಕ ನನ್ನ ಹುಟ್ಟುರೋಗ. ಹೊಳೆನರಸೀಪುರದಲ್ಲಿ ಓದುವಾಗ ಬಾಗಿಲ ಹಿಂದೆ ನಿಂತು ಹೆಡ್‌ಮೇಷ್ಟ್ರ ದನಿಯಲ್ಲಿ ರಜೆ ಸಾರಿ, ಒಂದಿಡೀ ತರಗತಿಯನ್ನು ಮನೆಗೆ ಕಳಿಸಿದವನು ನಾನು. ಬಸ್ ಕಂಡಕ್ಟರು, ಮದುವೆ ಪುರೋಹಿತರು, ಅಳುತ್ತಲೇ ಅಡುಗೆಗೆ ಉಪ್ಪು ಸಾಕಾ ಎಂದು ಕೇಳುವ ನಮ್ಮ ದೊಡ್ಡಮ್ಮ, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಕೆಲಸದ ಸಂದರ್ಶನದಲ್ಲಿ ನಾನು ಕೂತಿದ್ದ ಭಂಗಿಯನ್ನು ಮಾಡಿ ತೋರಿಸಿದರೆ ನಮ್ಮಮ್ಮನೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಒಬ್ಬರ ಅಣಕ ಮಾತ್ರ ಮೂರು ವರ್ಷದಿಂದ ನನ್ನ ಬಾಯಿಗೆ ಬಂದಿಲ್ಲ. ರುದ್ರಪ್ಪನವರದು.

ಆ ಪುಟ ಮಾಡಲು ನಾನು ಮೊದಲ ಸಲ ಹೋದ ವರ್ಷ ಚಿತ್ತೆ ಮಳೆ ಹಿಡಿದದ್ದು ಸ್ವಾತಿ ಬಂದರೂ ಬಿಟ್ಟಿರಲಿಲ್ಲ. ಹರಾಜು ಆಗಷ್ಟೇ ಶುರುವಾಗಿತ್ತು. ಹರಾಜಿನಲ್ಲಿ ಕೊಂಡ ಸೊಪ್ಪಿನ ಬೇಲುಗಳು, ಅಂದರೆ ಗೋಣಿ ಸುತ್ತಿದ ದೊಡ್ಡ ಕಟ್ಟುಗಳು, ಲಾರಿಯಲ್ಲಿ ಗೋಡೌನಿಗೆ ಬರುತ್ತಿದ್ದವು. ಒಂದೊಂದನ್ನೂ ಬಿಚ್ಚಿ ನೋಡಿ, ಒಣಗಿದ್ದನ್ನು ಒಳಗೆ ಒಟ್ಟಬೇಕು, ತೇವವಿದ್ದದ್ದನ್ನು ಹೊರಗಿನ ಶೆಡ್ಡಿನಲ್ಲಿ ಆರಲು ಬಿಡಬೇಕು. ಒಂದೇ ಒಂದು ಹಸಿ ಬೇಲು ಒಳಗಿನ ಒಟ್ಟಲಿಗೆ ಸೇರಿದರೂ ಅದು ಕಾವು ಹಿಡಿದು, ಬೂಸ್ಟು ಬಂದು, ಸುತ್ತಲಿನದನ್ನೂ ಕೆಡಿಸುತ್ತದೆ. ಯಾವುದು ಒಳಗೆ, ಯಾವುದು ಹೊರಗೆ ಎಂದು, ಪಕ್ಕದಲ್ಲಿ ಎಲೆಯ ಬಣ್ಣವನ್ನೂ, ಸೀಮೆಸುಣ್ಣದಲ್ಲಿ ಗುರುತು ಹಾಕುವುದು ರುದ್ರಪ್ಪನವರ ಕೆಲಸ. ಮೂವತ್ತು ವರ್ಷದಿಂದ ಅವರದೇ ಕೆಲಸ.

ಹಣೆಗೆ ವಿಭೂತಿ, ಬಿಳಿ ಪಂಚೆ, ಬಿಳಿ ಅಂಗಿ. ಬಿಳಿಯಲ್ಲದೆ ಬೇರೆ ಬಟ್ಟೆ ತೊಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಬೇಲಿನೊಳಗಿಂದ ಒಂದು ಎಲೆ ಎಳೆದು, ಮೂಗಿನ ಹತ್ತಿರ ಹಿಡಿದು, ನಡುನರವನ್ನು ಕಿವಿಯ ಬಳಿ ಬಗ್ಗಿಸಿ ಸದ್ದು ಕೇಳುತ್ತಿದ್ದರು. ಆಮೇಲೆ ಎಲೆಯನ್ನು ಎತ್ತಿ, ಸೊಪ್ಪು ಬಿಡಿಸುತ್ತ ಕೂತ ಹೆಂಗಸರ ಕಡೆ ತಿರುಗಿ, ಮೇಷ್ಟ್ರ ಹಾಗೆ ಹುಬ್ಬೇರಿಸಿ ಒಂದೇ ಪ್ರಶ್ನೆ:

“ಯೋಳವ್ವಾ, ಇದೇನು?”

“ಹಸ್ರು ಮಿಂಚು ಅಣ್ಣಾ.”

“ಊಂ. ಇದು?”

“ಕಂದು.”

“ಸರಿ.” ಸೀಮೆಸುಣ್ಣ ಬೇಲಿನ ಮೇಲೆ ಓಡುತ್ತಿತ್ತು.

ಆಹಾ, ಎಂಥ ಸರಕು! ಮೂರನೇ ದಿನಕ್ಕೆ ಅವರನ್ನು ಇಡಿಯಾಗಿ ಇಳಿಸಿಕೊಂಡಿದ್ದೆ. ಗೋಡೌನಿನ ಎದುರಿನ ಟೀ ಅಂಗಡಿಯಲ್ಲಿ ಬನ್ನನ್ನು ಮೂಗಿನ ಹತ್ತಿರ ಹಿಡಿದು, ಕಿವಿಯ ಬಳಿ ಹಿಸುಕಿ, “ಯೋಳವ್ವಾ, ಇದೇನು?” ಎಂದರೆ ಲಾರಿಯವರು ಟೀ ಚೆಲ್ಲಿಕೊಂಡು ನಗುತ್ತಿದ್ದರು. ಒಂದು ದಿನ ತಿರುಗಿ ನೋಡಿದರೆ ರುದ್ರಪ್ಪನವರೇ ಹಿಂದೆ ನಿಂತಿದ್ದಾರೆ. ನನ್ನ ಕೈಯಲ್ಲಿದ್ದ ಬನ್ನು ಅಲ್ಲೇ ಒಣಗಿತು.

“ನನ್ನಂಗೇ ಆಡ್ತೀಯಲ್ಲೋ ಬಡ್ಡಿಮಗನೆ” ಎಂದು ಬೆನ್ನಿಗೆ ಒಂದು ಕೊಟ್ಟು ನಕ್ಕರು. “ಆದ್ರೆ ಮೂಗ್ಗೆ ಅಷ್ಟು ಅತ್ರ ಇಡ್ಬ್ಯಾಡ ಕಣ್ಲಾ. ಸೊಪ್ಪಾಗಿದ್ರೆ ಇಷ್ಟೊತ್ಗೆ ಸೀನಿ ಸೀನಿ ಸಾಯ್ತಿದ್ದೆ.”

ಎಲ್ಲರೂ ನಕ್ಕರು, ಒಬ್ಬರನ್ನು ಬಿಟ್ಟು. ಸೊಪ್ಪು ಬಿಡಿಸುವ ಹೆಂಗಸರಿಗೆ ಮೇಸ್ತ್ರಿಯಂತಿದ್ದ ತಾಯಮ್ಮ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿ, ನನ್ನನ್ನೇ ನೋಡುತ್ತಿದ್ದಳು.

ಈಗ ನನ್ನ ಕಸುಬಿನ ಮಾತು. ಬೇಲು ಬಂದದ್ದು, ತೂಗಿದ್ದು, ತೇವ ನೋಡಿದ್ದು ಎಲ್ಲವೂ ಒಂದು ವೆಬ್ ಪುಟದಲ್ಲಿ ದಾಖಲಾಗಲಿ ಎಂದು ಕಂಪನಿ ನಮಗೆ ಹೇಳಿತ್ತು. ಇಂಥ ಪುಟಗಳನ್ನು ಯಾರೂ ಮೊದಲಿನಿಂದ ಕೆತ್ತುತ್ತ ಕೂರುವುದಿಲ್ಲ. ಟೂಲ್‌ಕಿಟ್ ಅಂತ ಇರುತ್ತದೆ. ಅದರಲ್ಲಿ ಗುಂಡಿ, ಪಟ್ಟಿ, ದೀಪ ಎಲ್ಲ ಸಿದ್ಧ. ಅವಕ್ಕೆ ವಿಜೆಟ್ ಎನ್ನುತ್ತಾರೆ. ತಂದು ಜೋಡಿಸಿದರಾಯಿತು. ಎಲ್ಲ ದೀಪಗಳೂ ಸರ್ಕಾರಿ ಶಾಲೆಯ ಮಕ್ಕಳ ಹಾಗೆ ಒಂದೇ ಸಮವಸ್ತ್ರದಲ್ಲಿ ಬರುತ್ತವೆ. ನಾನು ಗೋಡೌನಿನ ಆರೂ ಮೇಜಿನ ಪರದೆಗಳಲ್ಲಿ, ಮೂಲೆಯಲ್ಲಿ, ಒಂದೊಂದು ಗುಂಡನೆಯ ದೀಪ ಇಟ್ಟೆ. ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಅಕ್ಷರವಿಲ್ಲ, ಅಂಕಿಯಿಲ್ಲ. ಓದಲು ಬಾರದವರಿಗೂ ತಿಳಿಯುತ್ತದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೈ ಅಷ್ಟು ಉದ್ದ ಇಲ್ಲದಿದ್ದರೂ.

ಆರನೇ ಮೇಜು ರುದ್ರಪ್ಪನವರದು. ತೇವ ಅಳೆಯುವ ಹೊಸ ಯಂತ್ರಕ್ಕೆ ಧೂಳು ಆಗದು ಎಂದು ಅವರನ್ನು ಗಾಜಿನ ಕೋಣೆಯೊಳಗೆ ಕೂರಿಸಿದರು. ಯಂತ್ರದ ಮುಳ್ಳನ್ನು ಬೇಲಿಗೆ ಚುಚ್ಚಿದರೆ ಪರದೆಯ ದೀಪ ಉತ್ತರ ಹೇಳುತ್ತದೆ: ಒಣಗಿದ್ದರೆ ಹಸಿರು, ತೇವವಿದ್ದರೆ ಕೆಂಪು. ಬಣ್ಣ ನೋಡುವ ಕೆಲಸವೂ ಹೆಂಗಸರೂ ಗಾಜಿನ ಆಚೆ ಉಳಿದರು. ಮ್ಯಾನೇಜರ್ ಸತೀಶ್ ಸಾರ್ ಚನ್ನರಾಯಪಟ್ಟಣದ ಕಡೆಯವರು, ಕೆಟ್ಟವರಲ್ಲ, ಹೊಸದೆಂದರೆ ಆಸೆ. ಮೊದಲ ದಿನವೇ ಹೇಳಿದರು: “ರುದ್ರಪ್ಪ, ಕೈ ಏನ್ ಹೇಳುತ್ತೆ ಅಂತ ಬರೀಬೇಡಿ. ದೀಪ ಏನ್ ಹೇಳುತ್ತೋ ಅದನ್ನ ಬರೀರಿ.”

“ಆಗ್ಲಿ ಸಾ” ಎಂದರು ರುದ್ರಪ್ಪ. ಪರದೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅಭ್ಯಾಸ ಬಲದಿಂದ ಹೆಂಗಸರ ಕಡೆ ತಿರುಗಿದರು. ನಡುವೆ ಗಾಜಿತ್ತು.

ಹದಿನೈದು ದಿನ ಕಳೆದಿರಬಹುದು. ಒಂದು ಬೆಳಿಗ್ಗೆ ಒಳಗಿನ ಒಟ್ಟಲಿನ ನಡುವೆ ಕೈ ಹಾಕಿದ ಹಮಾಲಿ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಬಿಸಿ. ಬಿಚ್ಚಿ ನೋಡಿದರೆ ಹಸಿ ಬೇಲುಗಳು, ಅವುಗಳ ಮೇಲೆ ರುದ್ರಪ್ಪನವರ ಸೀಮೆಸುಣ್ಣದ ‘ಒಳಗೆ’. ಶೆಡ್ಡಿನಲ್ಲಿ ನೋಡಿದರೆ ಚೆನ್ನಾಗಿ ಒಣಗಿದವೂ ಕೆಲವು ಹೊರಗೆ ಬಿದ್ದಿದ್ದವು. ತೀರ ಹಸಿ, ತೀರ ಒಣಗಿದ್ದು ಯಾವುದೂ ತಪ್ಪಿರಲಿಲ್ಲ. ನಡುವಿನವು, ಕೈಗೊಂದು ಯಂತ್ರಕ್ಕೊಂದು ಅನ್ನಿಸುವಂಥವು, ಅವು ಮಾತ್ರ ತಪ್ಪಿದ್ದವು.

ಸತೀಶ್ ಸಾರ್ ನನ್ನನ್ನು ಕರೆದು ಕೇಳಿದರು: “ನಿನ್ನ ಪುಟ ತಪ್ಪು ತೋರಿಸ್ತಿದೆಯೇನಯ್ಯ?”

“ಇಲ್ಲ ಸಾರ್. ದೀಪ ಸರಿಯಾಗಿದೆ.” ಎದೆ ಉಬ್ಬಿಸಿಯೇ ಹೇಳಿದೆ.

“ಹಾಗಾದ್ರೆ ಅವರಿಗೆ ವಯಸ್ಸಾಯ್ತು. ಇನ್ನೊಂದು ಸಲ ಹೀಗಾದ್ರೆ ಮನೆಗೆ ಕಳಿಸ್ಬೇಕಾಗುತ್ತೆ.”

ಅವತ್ತು ಸಂಜೆ ಟೀ ಅಂಗಡಿಯಲ್ಲಿ ನಾನು ಹೊಸ ಆಟ ಕಟ್ಟಿದ್ದೆ. ಗಾಜಿನೊಳಗೆ ಕೂತ ರುದ್ರಪ್ಪ, ಎದುರಿಗೆ ಮಿಣಮಿಣ ಎನ್ನುವ ದೀಪ, ಅದಕ್ಕೇ ಕೈಮುಗಿದು “ಯೋಳವ್ವಾ, ಇದೇನು?” ಎಂದು ಕೇಳುವುದು. ನಗು ಮುಗಿಯುವ ಮುಂಚೆ ತಾಯಮ್ಮ ನನ್ನ ಅಂಗಿಯ ತೋಳು ಹಿಡಿದು ಹೊಳೆಯ ಮೆಟ್ಟಿಲ ತನಕ ಎಳೆದುಕೊಂಡು ಹೋದಳು. ಯಾರೋ ಮೀನಿಗೆ ಪುರಿ ಎಸೆಯುತ್ತಿದ್ದರು. ಕಾವೇರಿ ಮಣ್ಣುಬಣ್ಣವಾಗಿ, ತುಂಬಿ ಹರಿಯುತ್ತಿತ್ತು.

“ಅವ್ರು ನಮ್ಮನ್ನ ಯಾಕ್ ಕೇಳ್ತಾರೆ ಅಂತ ತಿಳ್ಕಂಡಿದ್ದೀಯ ನೀನು?”

“ಪರೀಕ್ಷೆ ಮಾಡಕ್ಕೆ. ಮೇಷ್ಟ್ರ ತರ.”

“ಮೇಷ್ಟ್ರಿಗೆ ಉತ್ತರ ಗೊತ್ತಿರ್ತದೆ ಕಣಪ್ಪ” ಎಂದಳು ತಾಯಮ್ಮ. “ಅವ್ರಿಗೆ ಹಸ್ರು, ಕೆಂಪು, ಕಂದು ಎಲ್ಲಾ ಒಂದೇ. ಹುಟ್ಟಿದಾಗ್ಲಿಂದ. ನಾನು ಇಲ್ಲಿಗೆ ಬಂದ ವರ್ಸ್ವೇ ತಿಳ್ಕಂಡೆ. ನಮ್ಮತ್ತೆ ಅದ್ಕೂ ಮೊದ್ಲು ತಿಳ್ಕಂಡಿದ್ಲು. ಅವ್ರು ಕೇಳ್ತಾರೆ, ನಾವು ಯೋಳ್ತೀವಿ. ಅವ್ರೂ ಬಾಯ್ಬುಟ್ಟು ಅಂದಿಲ್ಲ, ನಾವೂ ಅಂದಿಲ್ಲ. ತೇವ ನೋಡಾಕೆ ಅವ್ರ ಬೆರಳು ಸಾಕು. ಬಣ್ಣಕ್ಕೆ ನಾವಿದ್ವಿ. ನೀನು ಬಂದೆ, ತೇವಕ್ಕೂ ಬಣ್ಣ ಬಳ್ದೆ.”

ಬಿಳಿ ಅಂಗಿ ನೆನಪಾಯಿತು. ಗಾಜಿನೊಳಗಿಂದ ತಿರುಗಿದ್ದ ಮುಖ ನೆನಪಾಯಿತು. ಒಳಗೆ ಅವರು ತಮ್ಮ ಕೈಯನ್ನೇ ನಂಬಿ ಬರೆದಿದ್ದರೆ ನಡುವಿನ ಬೇಲುಗಳಲ್ಲೂ ಹೆಚ್ಚು ತಪ್ಪುತ್ತಿರಲಿಲ್ಲವೋ ಏನೋ. ದೀಪ ಏನು ಹೇಳುತ್ತಿರಬಹುದು ಎಂದು ಊಹಿಸಲು ಹೋಗಿ ತಪ್ಪಿದ್ದರು.

“ಆ ನಿನ್ ದೀಪಕ್ಕೆ ಏನಾರ ಮಾಡು” ಎಂದಳು. “ಅವ್ರಿಗೊಬ್ರಿಗೇ ತಿಳೀಬೇಕು. ಮಿಕ್ಕೋರ್ಗೆ ತಿಳೀಬಾರ್ದು.”

ಕೇಳುವುದಕ್ಕೆ ಎಷ್ಟು ಸಣ್ಣ ಕೆಲಸ! ಒಂದು ದೀಪಕ್ಕೆ ಬೇರೆ ಅಂಗಿ ಹೊಲಿಯಬೇಕು, ಅಷ್ಟೆ. ಕೆಂಪಾದಾಗ ದಪ್ಪ ಕಪ್ಪು ಇಂಟು ಮಾರ್ಕು ಮೂಡಬೇಕು, ಹಸಿರಾದಾಗ ದುಂಡಗೆ ಖಾಲಿ ಇರಬೇಕು. ಬಣ್ಣ ಕಾಣದಿದ್ದರೂ ಆಕಾರ ಕಾಣುತ್ತದೆ. ನಾಲ್ಕೇ ಸಾಲು ಬರೆದೆ. ಆದರೆ ಅಂಗಿ ಯಾರಿಗೆ ಎಂದು ಹೇಳುವ ಜಾಗದಲ್ಲಿ, ಆ ಒಂದು ದೀಪಕ್ಕೆ ಒಂದು ಹೆಸರಿಟ್ಟು ಅದನ್ನು ಕೂಗುವ ಬದಲು, ‘ದೀಪ’ ಎಂದಷ್ಟೇ ಬರೆದೆ. ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗನನ್ನು ಕರೆಯಲು ಹೋಗಿ “ಲೋ ಹುಡುಗ್ರಾ” ಎಂದು ಕೂಗಿದ ಹಾಗೆ. ರುದ್ರಪ್ಪನವರ ಪರದೆಯೊಂದನ್ನೇ ತೆರೆದು ನೋಡಿದೆ. ಚೆನ್ನಾಗಿತ್ತು. ಖುಷಿಯಿಂದ ಮಲಗಿದೆ.

ಬೆಳಿಗ್ಗೆ ಗೋಡೌನಿಗೆ ಹೋದರೆ ಗದ್ದಲ. ಆರೂ ಮೇಜಿನಲ್ಲಿ, ದೀಪ ಕೆಂಪಾದಾಗಲೆಲ್ಲ ಇಂಟು ಮಾರ್ಕು. ಸತೀಶ್ ಸಾರ್ ಮೊಬೈಲಿನಲ್ಲೂ ಇಂಟು ಮಾರ್ಕು. ತೂಕದ ಮೇಜಿನವನು ಏನೋ ಕೆಟ್ಟಿದೆ ಎಂದು ಯಂತ್ರ ಆರಿಸಿ ಕೂತಿದ್ದ. ಹೆಂಗಸರು, ಹಮಾಲಿಗಳು, ಲಾರಿಯವರು ಎಲ್ಲ ಗುಂಪುಗೂಡಿದ್ದರು. ಗಾಜಿನ ಬಾಗಿಲ ಬಳಿ ರುದ್ರಪ್ಪ.

“ಏನಯ್ಯಾ ಇದು? ಪುಟ ಕೆಟ್ಟೋಗಿದೆಯಾ?” ಎಂದರು ಸತೀಶ್ ಸಾರ್.

ಹೊಸ ಡಿಸೈನು ಸಾರ್, ಎನ್ನಬಹುದಿತ್ತು. ಹೂಂ ಸಾರ್ ಕೆಟ್ಟಿದೆ, ಎನ್ನಬಹುದಿತ್ತು. ಹತ್ತು ಜನರ ದನಿಯಲ್ಲಿ ನೂರು ಸುಳ್ಳು ಹೇಳಬಲ್ಲವನು ನಾನು. ಆದರೆ ನನ್ನ ಕೆಲಸ ಕೆಟ್ಟಿದೆ ಎಂದರಲ್ಲ, ಅದೊಂದು ಮಾತು ಚುಚ್ಚಿತು.

“ಕೆಟ್ಟಿಲ್ಲ ಸಾರ್. ಅದು ರುದ್ರಪ್ಪೋರ ದೀಪಕ್ಕೆ ಮಾತ್ರ ಹಾಕಿದ್ದು. ಹೆಸರು ಹಾಕೋದು ಮರೆತು ಎಲ್ಲಕ್ಕೂ ಅಂಟಿಕೊಂಡ್ಬಿಟ್ಟಿದೆ. ಐದು ನಿಮಿಷ ಕೊಡಿ.”

ಹೇಳಿ ಮುಗಿಸುವಷ್ಟರಲ್ಲಿ ತಾಯಮ್ಮ ಕಣ್ಣು ಮುಚ್ಚಿಕೊಂಡಿದ್ದು ಕಾಣಿಸಿತು.

“ರುದ್ರಪ್ಪೋರಿಗೆ ಮಾತ್ರ? ಯಾಕೆ?”

ಶೀಟಿನ ಮೇಲೆ ಮಳೆ ಬೀಳುತ್ತಿತ್ತು. ಸತೀಶ್ ಸಾರ್ ದಡ್ಡರಲ್ಲ. ಪರದೆ ನೋಡಿದರು, ರುದ್ರಪ್ಪನವರನ್ನು ನೋಡಿದರು. ನಿಧಾನವಾಗಿ ಹೋಗಿ, ಬಿಡಿಸಿಟ್ಟಿದ್ದ ಸೊಪ್ಪಿನಿಂದ ಎರಡು ಎಲೆ ತಂದು ಎತ್ತಿ ಹಿಡಿದರು.

“ಹೇಳಿ ರುದ್ರಪ್ಪಾ, ಇದೇನು?”

ಅದೇ ರಾಗ. ಅದೇ ಏರಿದ ಹುಬ್ಬು. ಅಣಕಿಸಬೇಕೆಂದು ಅವರು ಹಾಗೆ ಕೇಳಲಿಲ್ಲ. ಟೀ ಅಂಗಡಿಯಲ್ಲಿ ನನ್ನದನ್ನು ಕೇಳಿ ಕೇಳಿ ಆ ರಾಗ ಅವರ ಬಾಯಿಗೂ ಹತ್ತಿತ್ತು.

“ಎಡಗಡೇದು ಹಸ್ರು ಅಣ್ಣಾ. ಬಲಗಡೇದು ಕಂದು” ಎಂದಳು ತಾಯಮ್ಮ ಹಿಂದಿನಿಂದ, ದಿನವೂ ಹೇಳುವ ಹಾಗೆಯೇ.

“ನಿನ್ನ ಕೇಳಿಲ್ಲಮ್ಮ.”

“ನಮ್ಮನ್ನೇ ಕಣ್ ಸಾ ಕೇಳಾದು. ಮೂವತ್ತು ವರ್ಸದಿಂದ್ಲೂ ನಮ್ಮನ್ನೇ ಕೇಳಾದು.”

“ಬುಡವ್ವ” ಎಂದರು ರುದ್ರಪ್ಪ. ದನಿ ಏರಲಿಲ್ಲ. “ನಂಗೆ ಗೊತ್ತಾಗಾಕಿಲ್ಲ ಸಾ. ಯಾವತ್ತೂ ಗೊತ್ತಾಗ್ತಿರ್ನಿಲ್ಲ. ಎಲ್ಡೂ ಒಂದೇ ತರ ಕಾಣ್ತದೆ.”

ಮೂವತ್ತು ವರ್ಷ ಹೊದ್ದಿದ್ದನ್ನು ಅವರೇ ತೆಗೆದು ಮಡಿಸಿ ಕೆಳಗಿಟ್ಟ ಹಾಗಿತ್ತು. ನಾನು ನೆಲ ನೋಡುತ್ತಿದ್ದೆ.

ಸತೀಶ್ ಸಾರ್ ಎಲೆಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದೇ ನಿಂತರು. ಆಮೇಲೆ “ಸೀಸನ್ ಮುಗಿಯೋವರೆಗೂ ಇರಿ ರುದ್ರಪ್ಪ. ಆಮೇಲೆ ನೋಡೋಣ” ಎಂದು ಆಫೀಸಿನೊಳಗೆ ಹೋದರು.

ನಾನು ಕೂತು ಸರಿಮಾಡಿದೆ. ಐದು ನಿಮಿಷವೂ ಆಗಲಿಲ್ಲ. ಆರನೇ ಮೇಜಿನ ದೀಪಕ್ಕೆ ಹೆಸರಿಟ್ಟೆ, ‘ರುದ್ರಪ್ಪ’ ಎಂದೇ. ಆ ಹೆಸರಿಗೆ ಮಾತ್ರ ಅಂಗಿ ತೊಡಿಸಿದೆ. ಮಿಕ್ಕ ಐದೂ ಹಳೆಯ ಸಮವಸ್ತ್ರಕ್ಕೆ ಮರಳಿದವು. ರುದ್ರಪ್ಪ ಒಳಗೆ ಹೋಗಿ ಕೂತರು. ಮುಳ್ಳು ಚುಚ್ಚುವುದು, ದೀಪ ನೋಡುವುದು, ಬರೆಯುವುದು. ಸಂಜೆಯ ತನಕ ಒಂದೂ ತಪ್ಪಲಿಲ್ಲ. ಹೊರಡುವಾಗ ನನ್ನ ಹತ್ತಿರ ನಿಂತರು.

“ಚೆಂದಾಗ್ ಮಾಡಿದ್ದೀಯ ಕಣಪ್ಪ. ಮೊದ್ಲೇ ಇಂಗಿದ್ದಿದ್ರೆ...”

ಮಾರನೆಯ ಬೆಳಿಗ್ಗೆ ಬಂದು, ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ತಾಯಮ್ಮನ ಕೈಗಿಟ್ಟರು. “ಯೋಳ್ತಿದ್ದೋಳು ನೀನೇ. ಬರೆಯೋಳೂ ನೀನೇ ಆಗವ್ವ” ಎಂದರು. ಸತೀಶ್ ಸಾರ್ ಹೊರಗೆ ಓಡಿ ಬರುವಷ್ಟರಲ್ಲಿ ಅವರನ್ನು ಹತ್ತಿಸಿಕೊಂಡು, ಅವರೂರು ಕೊಣನೂರಿನ ಬಸ್ಸು ಹೊರಟಿತ್ತು. ಮಳೆ ನಿಂತು, ಮಂಜು ಬಿದ್ದು, ಹರಾಜು ಮುಗಿಯುವ ತನಕ ನಾನು ಅಲ್ಲೇ ಇದ್ದೆ. ಟೀ ಅಂಗಡಿಯವನು ಎಷ್ಟೋ ಸಲ ಕೇಳಿದ: “ಯಾಕ್ಲಾ, ನಾಲಿಗೆ ಬಿದ್ದೋಯ್ತಾ?” ನಾನು ಬನ್ನನ್ನು ಬನ್ನಿನ ಹಾಗೇ ತಿಂದೆ. ಕೊಣನೂರು ಎಷ್ಟು ದೂರ? ಒಂದು ದಿನವೂ ಹೋಗಲಿಲ್ಲ.

ಕಳೆದ ತಿಂಗಳು ಆ ಪುಟವನ್ನು ಮುಚ್ಚುವ ಮೊದಲು ಒಳಗಿನ ಫೈಲು ತೆರೆದೆ. ನಾಲ್ಕು ಸಾಲು ಹಾಗೇ ಇದ್ದವು, ನೆತ್ತಿಯ ಮೇಲೆ ಆ ಹೆಸರು. ಗಾಜಿನ ಕೋಣೆಯೊಳಗೆ ತಾಯಮ್ಮ, ಈಗ ಕನ್ನಡಕ ಬಂದಿದೆ.

“ಬಣ್ಣ ಕಾಣೋ ನಿಂಗೆ ಇಂಟು ಮಾರ್ಕು ಯಾಕಮ್ಮ? ತೆಗೆಸ್ಬಹುದಿತ್ತಲ್ಲ?” ಎಂದೆ.

“ಇರ್ಲಿ ಅಂತ ಬುಟ್ಟೆ. ಅವ್ರ್ ದೀಪ ಅಲ್ವಾ” ಎಂದಳು. ಆಮೇಲೆ ಬೇಲಿನಿಂದ ಒಂದು ಎಲೆ ಎಳೆದು, ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. “ಇವತ್ತು ಕೊಣನೂರ್ ಸಂತೆ. ಅವ್ರು ಬಂದೇ ಬತ್ತಾರೆ. ಓಗು, ಇನ್ನೂ ಎಷ್ಟ್ ದಿನ ತಪ್ಪಿಸ್ಕಂಡ್ ತಿರುಗ್ತೀಯ.”

ಟೊಮೊಟೊ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದವರನ್ನು ಮೊದಲು ಗುರುತಿಸಲಿಲ್ಲ. ಹಸಿರು ಚೌಕಳಿ ಅಂಗಿ. ದನಿ ಕೇಳಿ ಗುರುತಾಯಿತು.

“ಯೋಳವ್ವಾ, ಇದೇನು? ಹಣ್ಣೋ ಕಾಯೋ? ನಂಗೆ ಬಣ್ಣ ಕಾಣಾಕಿಲ್ಲ, ನೀನೇ ನೋಡಿ ಆಕು.”

ಮಾರುವವಳಿಗೂ ಪಕ್ಕದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ನಾನು ಪಕ್ಕದಲ್ಲಿ ಕೂತೆ. ಮುಖ ನೋಡಿ, “ಓಹೋ, ನಮ್ ನಾಟಕದೋನು” ಎಂದು ನಕ್ಕರು. ನಾನು ಅಂಗಿ ನೋಡುತ್ತಿದ್ದದ್ದು ಕಂಡು, “ಮೊಮ್ಮಗ್ಳು ತಂದ್ಲು. ಹಸ್ರಂತೆ” ಎಂದರು.

ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧವೇ ಬಾಯಿಗೆ ಬಂತು. “ಅಣ್ಣ, ಅವತ್ತು ನಾನು ಸುಮ್ನಿರಬೇಕಿತ್ತು.”

ಅವರು ಟೊಮೊಟೊ ಚೀಲಕ್ಕೆ ಗಂಟು ಹಾಕಿದರು.

“ಬ್ಯಾಸ್ರ ಆಯ್ತು. ಆಗ್ನಿಲ್ಲ ಅಂದ್ರೆ ಸುಳ್ಳಾಯ್ತದೆ” ಎಂದರು. “ಆ ಕೆಲ್ಸ ನಂಗೆ ಇನ್ನೂ ಕನಸ್ನಲ್ಲಿ ಬತ್ತದೆ. ಆದ್ರೆ ನೋಡು, ಮೂವತ್ತು ವರ್ಸ ಗೊತ್ತಿಲ್ದೆ ಕೇಳ್ತಿದ್ರೂ ಗೊತ್ತಿರೋನಂಗೆ ಆಡ್ಬೇಕಾಗಿತ್ತು. ಈಗ ಬೇಕಾದ್ದ ಕೇಳ್ತೀನಿ. ಅಷ್ಟೇಯ.”

ಕಾಗದ ಬಿಚ್ಚಿ ಎಲೆ ಕೊಟ್ಟೆ. ಅವರ ಬೆರಳು ತಕ್ಷಣ ಹಳೆಯ ಬೆರಳಾಯಿತು. ಮೂಗಿನ ಹತ್ತಿರ ಹಿಡಿದರು. ನಡುನರವನ್ನು ಕಿವಿಯ ಬಳಿ ಬಗ್ಗಿಸಿದರು. ಸಂತೆಯ ಗದ್ದಲದಲ್ಲಿ ಅದೇನು ಕೇಳಿಸಿತೋ.

“ತೇವ ಅದೆ. ಇನ್ನೊಂದಿನ ಆರ್ಬೇಕು.”

ಆಮೇಲೆ ಎಲೆಯನ್ನು ನನ್ನ ಮುಖದ ಮುಂದೆ ಹಿಡಿದರು. ಹುಬ್ಬು ಏರಿರಲಿಲ್ಲ.

“ಯೋಳಪ್ಪಾ, ಇದೇನು?”

ಆ ಕ್ಷಣ ನನ್ನ ಬಾಯಲ್ಲಿ ಯಾರ ದನಿಯೂ ಇರಲಿಲ್ಲ. “ಕಿತ್ತಳೆ ಬಣ್ಣ ಅಣ್ಣ. ಒಂದು ಕಡೆ ಮಾತ್ರ ಹಸಿರು ಮಿಂಚಿದೆ.”

“ಎಲ್ಲಿ?”

ಅವರ ಹೆಬ್ಬೆರಳನ್ನು ಹಿಡಿದು ನರದ ಪಕ್ಕ, ಆ ಜಾಗದ ಮೇಲೆ ಇಟ್ಟೆ. ಅವರು ಅಲ್ಲೇ ಮೆಲ್ಲಗೆ ಉಜ್ಜಿ ನೋಡಿದರು.